ಗೇಟು ತಾನಾಗಿ ತೆರೆಯುವ ಕಾರ್ಡು

ಸಿಂಗಪುರದ ವಿಮಾನ ನಿಲ್ದಾಣದಲ್ಲಿ ನನ್ನನ್ನು ಆರು ಸಲ ನಿಲ್ಲಿಸಿದ್ದಾರೆ. ನಾನು ಅಲ್ಲಿಗೆ ಹೋಗಿರುವುದೂ ಆರೇ ಸಲ.

ಅಲಮೇಲು ಅಮ್ಮನವರು ಹಾಡುತ್ತಾರೆ, ನಾನು ಅವರ ಹಿಂದೆ ಕೂತು ತಂಬೂರ ಮೀಟುತ್ತೇನೆ. ಅಲ್ಲಿನ ಸಂಗೀತ ಸಭೆಯೊಂದು ವರ್ಷಕ್ಕೆ ಎರಡು ಸಲ ಅವರನ್ನು ಕರೆಸುತ್ತದೆ. ವಿಮಾನ ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಸಾಲಿನಲ್ಲಿ ಅಮ್ಮನವರು, ಅವರ ಯಜಮಾನರಾದ ರಾಮಾನುಜ ಸರ್, ಪಿಟೀಲಿನವರು, ಮೃದಂಗದವರು ಎಲ್ಲರೂ ಒಂದೊಂದು ನಿಮಿಷದಲ್ಲಿ ದಾಟಿಹೋಗುತ್ತಾರೆ. ನನ್ನ ಸರದಿ ಬಂದಾಗ ಗಾಜಿನ ಹಿಂದಿನ ಅಧಿಕಾರಿ ಕಂಪ್ಯೂಟರ್ ನೋಡುತ್ತಾನೆ, ನನ್ನನ್ನು ನೋಡುತ್ತಾನೆ. ಏನು ಕೆಲಸ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ನಾನು "ಮ್ಯೂಸಿಕ್, ತಂಬೂರ" ಎನ್ನುತ್ತೇನೆ. ಅವನು ಮತ್ತೆ ಕಂಪ್ಯೂಟರ್ ನೋಡುತ್ತಾನೆ. ಆಮೇಲೆ ಪಕ್ಕದ ಕೋಣೆ.

ಆ ಕೋಣೆಯಲ್ಲಿ ನೀಲಿ ಕುರ್ಚಿಗಳಿವೆ. ತುಂಬ ಚಳಿ. ಒಂದು ಗಂಟೆ, ಒಂದೂವರೆ ಗಂಟೆ ಕೂರಿಸುತ್ತಾರೆ. ಒಂದು ಸಲ ತಂಬೂರದ ಬುರುಡೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿದರು. ಕೊನೆಗೆ ರಾಮಾನುಜ ಸರ್ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದ ಮೇಲೆ ಬಿಡುತ್ತಿದ್ದರು.

ಹೊರಗೆ ಅಮ್ಮನವರು ಹಸಿದು ಕೂತಿರುತ್ತಿದ್ದರು.

"ನಿಂಗೆ ಬಾಯೇ ಬರಲ್ಲ ಕಣೆ ರಂಜಿನಿ. ಕಳ್ಳಿ ಥರ ನೆಲ ನೋಡ್ಕೊಂಡು ನಿಂತ್ರೆ ನಿಲ್ಲಿಸ್ದೆ ಇನ್ನೇನ್ ಮಾಡ್ತಾರೆ?"

ನಾನು ಅದನ್ನು ನಂಬಿದ್ದೆ. ಬಿನ್ನಿಪೇಟೆಯ ನಮ್ಮ ಮನೆಯಲ್ಲಿ ಗೋಡೆಗೆ ನೇತುಹಾಕಿದ ಕನ್ನಡಿಯ ಮುಂದೆ ನಿಂತು, ಮುಖ ಎತ್ತಿ "ಮ್ಯೂಸಿಕ್, ತಂಬೂರ" ಎಂದು ಹೇಳಿ ಹೇಳಿ ಅಭ್ಯಾಸ ಮಾಡಿದ್ದೆ. ಧ್ವನಿ ಗಟ್ಟಿಯಾದಷ್ಟೂ ಕೋಣೆಯಲ್ಲಿ ಕೂರಿಸುವ ಹೊತ್ತು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಶಂಕರಪುರದ ಅಮ್ಮನವರ ಮನೆಯಲ್ಲಿ ನನ್ನ ಅವ್ವ ಗಂಗರತ್ನಮ್ಮ ಮೊದಲಿನಿಂದಲೂ ಕೆಲಸಕ್ಕಿದ್ದಾಳೆ. ಅವಳಿಗೆ ಸೊಂಟ ಹಿಡಿದಾಗ ಅವಳ ಬದಲು ನಾನು ಹೋಗುತ್ತಿದ್ದೆ. ಒಂದು ದಿನ ನಡುಮನೆ ಗುಡಿಸುತ್ತಿದ್ದಾಗ ಅಮ್ಮನವರು ಪಾಠ ಹೇಳುತ್ತಿದ್ದರು. ತಂಬೂರದ ಮಂದ್ರದ ತಂತಿ ಸ್ವಲ್ಪ ಇಳಿದಿದೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವರು ಸಿಟ್ಟಾಗಲಿಲ್ಲ. ಬಿರಡೆ ತಿರುಗಿಸಲು ಕೊಟ್ಟರು. ನಾನು ಸರಿ ಮಾಡಿದ ಮೇಲೆ, "ಇವತ್ತಿಂದ ಪೊರಕೆ ಮುಟ್ಬೇಡ ನೀನು" ಎಂದರು. ಆಗ ನನಗೆ ಹದಿಮೂರು. ಈಗ ಇಪ್ಪತ್ಮೂರು.

ಈ ಡಿಸೆಂಬರಿನಲ್ಲಿ ರಾಮಾನುಜ ಸರ್ ಕಾರ್ಡಿನ ಸುದ್ದಿ ತಂದರು. ಪದೇ ಪದೇ ಬಂದುಹೋಗುವ, ನಂಬಬಹುದಾದ ಪ್ರಯಾಣಿಕರಿಗೆ ಅಲ್ಲಿ ಕಾರ್ಡು ಮಾಡಿಕೊಡುತ್ತಾರಂತೆ. ನಮ್ಮ ವಿಷಯವೆಲ್ಲ ಮೊದಲೇ ವಿಚಾರಿಸಿ ಬೆರಳಚ್ಚು ತೆಗೆದುಕೊಂಡಿರುತ್ತಾರೆ. ಆಮೇಲೆ ಸಾಲಿಲ್ಲ. ಕಾರ್ಡು ತೂರಿಸಿ ಬೆರಳಿಟ್ಟರೆ ಗೇಟು ತಾನಾಗಿ ತೆರೆಯುತ್ತದೆ.

"ಯಾರೂ ಏನೂ ಕೇಳಲ್ವಾ ಸರ್?"

"ಒಂದಕ್ಷರ ಕೇಳಲ್ಲ. ನಿನಗೋಸ್ಕರವೇ ಮಾಡಿಸಿದ ಹಾಗಿದೆ ನೋಡು."

ಅವ್ವನಿಗೆ ಬೆರಳಚ್ಚು ಎಂದರೆ ಪೊಲೀಸ್ ಸ್ಟೇಷನ್ನೇ. "ಬೇಡ್ವೇ, ನಾಳೆ ಎಲ್ಲೋ ಏನೋ ಕಳುವಾದ್ರೆ ನಿನ್ನೇ ಹಿಡೀತಾರೆ" ಎಂದಳು. ನನಗೂ ಅಳುಕಿತ್ತು. ಎರಡು ದಿನ ಯೋಚಿಸಿದೆ. ಆ ನೀಲಿ ಕುರ್ಚಿ ನೆನಪಾಗಿ ಕೊನೆಗೆ ಹೂಂ ಅಂದೆ.

ಅರ್ಜಿ, ವೀಸಾ ಎಲ್ಲವನ್ನೂ ಯಾವಾಗಲೂ ರಾಮಾನುಜ ಸರ್ ನೋಡಿಕೊಳ್ಳುತ್ತಿದ್ದರು. ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ನಾನು ರುಜು ಹಾಕುತ್ತಿದ್ದೆ, ಅಷ್ಟೇ. ಈ ಸಲ ಮಾತ್ರ ಅರ್ಜಿದಾರರೇ ಬರಬೇಕು ಎಂದು ಏಜೆಂಟ್ ಹೇಳಿಕಳಿಸಿದರು. ಬಸ್ಸು ಹಿಡಿದು ಶೇಷಾದ್ರಿಪುರಕ್ಕೆ ಹೋದೆ. ಟ್ರಾವೆಲ್ ಏಜೆಂಟ್ ಚಲುವರಾಜು ಅವರ ಆಫೀಸು ಒಂದು ಹೋಟೆಲಿನ ಮಹಡಿಯಲ್ಲಿದೆ. ಕೆಳಗಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು.

"ಬಾಮ್ಮ, ಕೂತ್ಕೋ. ಹಳೇ ಅರ್ಜಿಗೂ ಇದಕ್ಕೂ ತಾಳೆ ಆಗ್ಬೇಕು. ಒಂಚೂರು ಆಚೀಚೆ ಆದ್ರೂ ಕಾರ್ಡ್ ಕೊಡಲ್ಲ. ನಾನ್ ಓದ್ತೀನಿ, ನೀನು ಹೂಂ ಅಂತ ಹೋಗು."

ಹೆಸರು. ಹೂಂ. ಹುಟ್ಟಿದ ತಾರೀಕು. ಹೂಂ. ವಿಳಾಸ, ಶಂಕರಪುರದ ಅಮ್ಮನವರ ಮನೆಯದು. ಸ್ವಲ್ಪ ತಡೆದು ಅದಕ್ಕೂ ಹೂಂ.

"ಕೆಲಸ, ಮನೆಗೆಲಸದಾಕೆ. ಯಜಮಾನಿ ಹೆಸರು, ಶ್ರೀಮತಿ ಅಲಮೇಲು."

ನಾನು ಹೂಂ ಅನ್ನಲಿಲ್ಲ. ಅವರು ತಲೆ ಎತ್ತಿದರು.

"ತಂಬೂರ ಸರ್" ಎಂದೆ.

"ತಂಬೂರಾನಾ? ಯಾರು, ನೀನಾ?" ಅವರು ಫೈಲನ್ನು ನನ್ನ ಕಡೆ ತಿರುಗಿಸಿದರು. "ನೋಡಮ್ಮ, ಆರಕ್ಕೆ ಆರೂ ಒಂದೇ ಥರ ಇದೆ. ಕೆಳಗಡೆ ರುಜು ನಿಂದೇ ತಾನೇ?"

ನನ್ನದೇ. ದುಂಡಗಿನ ಕನ್ನಡ ಅಕ್ಷರಗಳು, ಆರು ಸಲ. ಇಂಗ್ಲಿಷನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲೆ. ಎಂ, ಎ, ಐ, ಡಿ. ನಾಲ್ಕೇ ಅಕ್ಷರ. ಓದಬೇಕೆಂದು ನಾನು ಯಾವತ್ತೂ ಕಾಗದ ಎಳೆದುಕೊಂಡಿರಲಿಲ್ಲ.

"ಅಲ್ಲಿ ಏನಂತ ಹೇಳ್ತಿದ್ದೆ ನೀನು?"

"ಮ್ಯೂಸಿಕ್ ಅಂತ."

ಅವರು ಜೋರಾಗಿ ನಕ್ಕರು. "ಅಯ್ಯೋ ಪುಣ್ಯಾತ್ಗಿತ್ತಿ! ಪೇಪರ್ ಒಂದ್ ಹೇಳುತ್ತೆ, ನೀನೊಂದ್ ಹೇಳ್ತೀಯ. ನಿಲ್ಲಿಸ್ದೆ ಹಾರ ಹಾಕ್ತಾರಾ? ಅದಕ್ಕೇ ಈ ಕಾರ್ಡ್ ಮಾಡಿಸ್ಕೊಂಡ್ಬಿಡು. ಆಮೇಲೆ ನೀನು ಬಾಯಿ ಬಿಡೋ ಪ್ರಮೇಯಾನೇ ಬರಲ್ಲ."

"ಇದನ್ನ ತಿದ್ದೋಕಾಗಲ್ವಾ ಸರ್?"

ಅವರ ನಗು ನಿಂತಿತು. "ತಿದ್ದಿದ್ರೆ ಆರು ಸಲ ಸುಳ್ಳು ಬರೆದ್ರು ಅಂತಾಗುತ್ತೆ. ಕಾರ್ಡೂ ಇಲ್ಲ, ವೀಸಾನೂ ಇಲ್ಲ. ಅಮ್ಮನವರಿಗೂ ತೊಂದರೆ. ಮನೆಗ್ ತಗೊಂಡ್ಹೋಗಿ ಅವರನ್ನ ಕೇಳು. ನಾಳೆ ರುಜು ಹಾಕಿ ತಂದ್ಕೊಡು."

ಬಸ್ಸಿನಲ್ಲಿ ಕೂತಾಗ ನನಗೆ ಹೊಳೆದದ್ದು ರಾಮಾನುಜ ಸರ್ ಆ ಕೋಣೆಗೆ ಬಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಮಾತು. ಇವಳು ನಮ್ಮ ಮನೆ ಕೆಲಸದವಳು, ಏನೋ ತಿಳಿಯದೆ ಹೇಳಿದ್ದಾಳೆ ಎಂದಿರಬೇಕು. ನಾನು ಪಕ್ಕದಲ್ಲೇ ನಿಂತು, ನನ್ನನ್ನು ಬಿಡಿಸಿಕೊಂಡು ಹೋಗಲು ಬಂದರಲ್ಲ ಎಂದು ಪ್ರತಿ ಸಲವೂ ಅವರಿಗೆ ಕೈ ಮುಗಿದಿದ್ದೆ.

ಅಮ್ಮನವರು ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದರು. ಸರ್ ಪೇಪರ್ ಓದುತ್ತಿದ್ದರು. ಅರ್ಜಿಯನ್ನು ಅಮ್ಮನವರ ಮುಂದೆ ಇಟ್ಟೆ.

"ಇದಕ್ಕೇನಾ ಮುಖ ಹೀಗ್ ಮಾಡ್ಕೊಂಡಿರೋದು?" ಎಂದರು ಅಮ್ಮನವರು. "ಕಲಾವಿದೆ ಅಂತ ಹಾಕಿದ್ರೆ ಸರ್ಟಿಫಿಕೇಟ್ ಕೇಳ್ತಾರೆ. ಏನಿದೆ ನಿನ್ ಹತ್ರ? ಏಳನೇ ಕ್ಲಾಸು."

"ಸಂಗೀತದ ಜೂನಿಯರ್ ಪರೀಕ್ಷೆ ಕಟ್ತೀನಿ ಅಂದಿದ್ದೆ ಅಮ್ಮ. ಎರಡು ಸಲ ಕೇಳಿದ್ದೆ."

ಎರಡು ಸಲವೂ ಅವರು ನಕ್ಕು, "ನನ್ನ ಹಿಂದೆ ಕೂತಿದ್ದೀಯ, ಅದಕ್ಕಿಂತ ಸರ್ಟಿಫಿಕೇಟ್ ಬೇಕಾ" ಎಂದಿದ್ದರು. ಆ ಮಾತನ್ನು ನಾನು ನಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

"ಪರೀಕ್ಷೆ ಪಾಸಾದೋರು ಯಾರು ಬಂದು ಹಿಂದೆ ಕೂತ್ಕೋತಾರೆ?" ಎಂದರು ರಾಮಾನುಜ ಸರ್, ಪೇಪರಿನ ಹಿಂದಿನಿಂದ, ತಮಾಷೆಗೆ.

"ನೀವು ಸುಮ್ನಿರಿ ಸ್ವಲ್ಪ" ಎಂದು ಅಮ್ಮನವರು ಗದರಿದರು. ಸುಳ್ಳು ಎನ್ನಲಿಲ್ಲ. ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಲೇ ಇತ್ತು.

"ನನ್ನ ಕೂರಿಸ್ತಿದ್ದಿದ್ದು ಯಾಕೆ ಅಂತ ನಿಮಗೆ ಗೊತ್ತಿತ್ತಲ್ವಾ ಅಮ್ಮ? ನಂಗೆ ಬಾಯಿ ಬರಲ್ಲ ಅಂದ್ರಿ."

"ರುಜು ಹಾಕು ರಂಜಿನಿ, ಉದ್ದ ಮಾಡ್ಬೇಡ. ಇಷ್ಟ ಇಲ್ಲಾಂದ್ರೆ ಎಲೆಕ್ಟ್ರಾನಿಕ್ ತಂಬೂರ ತಗೊಂಡ್ಹೋಗ್ತೀನಿ. ಅದು ಇಷ್ಟು ಮಾತಾಡಲ್ಲ." ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವನ್ನೇ ಕೇಳು ಹೋಗು. ಅವಳಿಗೆ ಮೊದಲೇ ಹೇಳಿ ಒಪ್ಪಿಸೇ ಮಾಡಿದ್ದು" ಎಂದರು.

ಅವ್ವ ಅದೇ ಮನೆಯ ಬಚ್ಚಲಲ್ಲಿ ಬಟ್ಟೆ ಕುಸುಬುತ್ತಿದ್ದಳು. ಬಾಗಿಲಲ್ಲಿ ನಿಂತು ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಹೇಳಿದ್ರು. ನಿನ್ ಪಾಸ್‌ಪೋರ್ಟ್ ಮಾಡಿಸುವಾಗ್ಲೇ ಹೇಳಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೋಗ್ತಿದ್ಯಾ ನೀನು? ನಮ್ ವಂಶದಲ್ಲಿ ವಿಮಾನ ಹತ್ತಿದೋಳು ನೀನೊಬ್ಳೇ ಕಣೆ." ಬಟ್ಟೆಯನ್ನು ಹಿಂಡಿ ಬಕೆಟ್ಟಿಗೆ ಹಾಕಿ ನನ್ನ ಕಡೆ ತಿರುಗಿದಳು. "ಮನೆಗೆಲಸ ಅಂದ್ರೆ ಕಳ್ಳತನವೇನೇ? ಇಷ್ಟು ವರ್ಷ ನಾನ್ ಮಾಡಿದ್ದೂ ಅದೇ. ಅಷ್ಟು ಅವಮಾನವಾ ನಿಂಗೆ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳ ಕೈಗಳು ಸೋಪಿನ ನೀರಿಗೆ ಬೆಳ್ಳಗಾಗಿದ್ದವು.

"ನೀನು ಮಾಡ್ತೀಯ, ಬರ್ಕೊಂಡ್ರೆ ಸರಿ. ನಾನು ಮಾಡ್ತಿದ್ದಿದ್ದು ಅದಲ್ವಲ್ಲವ್ವ."

"ಕಾಗ್ದದಲ್ಲಿ ಏನಿದ್ರೇನೇ? ಅಲ್ಲಿ ಹೋಗಿ ಕೂತ್ಕೋತಿದ್ದೋಳು ನೀನೇ ತಾನೇ" ಎಂದಳು. ಅವಳು ಅದನ್ನು ನಿಜವಾಗಿಯೂ ನಂಬಿದ್ದಳು. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮರುದಿನ ಬೆಳಿಗ್ಗೆ ಅರ್ಜಿ ನಮ್ಮ ಮನೆಯ ಟಿವಿಯ ಮೇಲೆ ಹಾಗೇ ಇತ್ತು. ರುಜು ಹಾಕಿದರೆ ಮುಂದಿನ ತಿಂಗಳು ಮತ್ತೆ ಸಿಂಗಪುರದ ಆ ಸಭಾಂಗಣ. ಹಾಡು ಶುರುವಾಗುವ ಮೊದಲು ದೀಪ ಆರಿಸುತ್ತಾರೆ. ಆಗ ಕೇಳಿಸುವುದು ನನ್ನ ನಾಲ್ಕು ತಂತಿ ಮಾತ್ರ, ಸಾವಿರ ಜನ ಉಸಿರು ಹಿಡಿದಿರುತ್ತಾರೆ. ಆ ಎರಡು ನಿಮಿಷಕ್ಕಾಗಿ ನಾನು ಯಾವ ಕೋಣೆಯಲ್ಲಿ ಬೇಕಾದರೂ ಕೂತಿರುತ್ತಿದ್ದೆ. ಈಗ ಕೂರುವುದೂ ಬೇಕಿಲ್ಲ. ಬೆರಳಿಟ್ಟರೆ ಸಾಕು. ಮ್ಯೂಸಿಕ್ ಎಂದು ಹೇಳಿಕೊಳ್ಳಲು ನನಗಿದ್ದ ಜಾಗ ಅದೊಂದೇ, ಆ ಗಾಜಿನ ಮುಂದೆ. ಕಾರ್ಡು ಬಂದರೆ ಅದೂ ಇರುವುದಿಲ್ಲ. ನಾನು ಯಾರೆಂದು ಅವರು ಒಂದೇ ಸಲ ಬರೆದುಕೊಂಡು, ನಂಬಿ, ಮತ್ತೆಂದೂ ಕೇಳುವುದಿಲ್ಲ.

ಏಳೂವರೆಗೆ ಮೊಬೈಲ್ ಬಡಿದುಕೊಂಡಿತು. ಅಮ್ಮನವರು.

"ಹಾಕಿದ್ಯಾ?"

"ಇಲ್ಲ ಅಮ್ಮ. ಹಾಕಲ್ಲ. ಕಾರ್ಡೂ ಬೇಡ, ಆ ವೀಸಾನೂ ಬೇಡ."

ಅವರು ಬೈಯಲಿ ಎಂದು ಕಾದೆ. ಹತ್ತು ವರ್ಷ ಅವರ ಬೆನ್ನಿನ ಹಿಂದೆ ಕೂತವಳು. ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತು. ಈಗ ಎಳೆದುಕೊಂಡರು.

"ಸರಿ. ಗಂಗರತ್ನಂಗೆ ಫೋನ್ ಕೊಡು" ಎಂದರು.

ಕೊಟ್ಟೆ. ಅವ್ವ ಎದ್ದು ನಿಂತೇ ಮಾತಾಡಿದಳು. "ಹೂಂ ಅಮ್ಮ. ಆಯ್ತಮ್ಮ. ಇಲ್ಲಮ್ಮ, ಈಗ್ಲೇ ಹೊರಟೆ."

"ಏನಂತೆ?"

"ಮಧ್ಯಾಹ್ನಕ್ಕೆ ನೆಂಟರು ಬರ್ತಾರಂತೆ. ಬೇಗ ಬಂದ್ಬಿಡು ಅಂದ್ರು, ಪಾತ್ರೆ ಜಾಸ್ತಿ ಬೀಳುತ್ತಂತೆ."

"ನನ್ ವಿಷಯ ಏನಾದ್ರೂ ಅಂದ್ರಾ?"

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದಳು.

"ಇಲ್ಲ" ಎಂದು ಹೊರಟಳು.