ಪಾದಪೂಜೆಯ ದಿನದ ಸಿನಿಮಾ

ಪಾದಪೂಜೆಗೆ ಮಠದ ಅಯ್ನೋರು ಬರುತ್ತಿದ್ದ ಮೊಳಕಾಲ್ಮೂರು ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಫೋನು ಬಂದದ್ದೇ ತಡ, ಚಳ್ಳಕೆರೆಯ ಶೇಂಗಾ ವ್ಯಾಪಾರಿ ತಿಪ್ಪೇರುದ್ರಪ್ಪನವರ ಮನೆಯಲ್ಲಿ ಸಿನಿಮಾ ಶುರುವಾಯಿತು. ಪೂಜೆಗೆ ಎಲ್ಲ ಸಿದ್ಧವಾಗಿತ್ತು. ಹಸಿದ ಹೊಟ್ಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತು ಮಾಡುವುದೇನು? ಹಿರಿಯ ಮಗ ಶಶಿಕಾಂತ್ ತಾನು ತಂದಿದ್ದ ಹೊಸ ವಿಸಿಡಿ ಪ್ಲೇಯರನ್ನು ಟೀವಿಗೆ ಸಿಕ್ಕಿಸಿದ. ಎರಡು ವರ್ಷ ನಾಪತ್ತೆಯಾಗಿದ್ದ ಮಹಾಶಯ ಹೋದ ವಾರ ಬಂದಾಗ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಇದೇ ಪ್ಲೇಯರು.

ಅವನ ಹೆಂಡತಿ ದಾಕ್ಷಾಯಿಣಿ ಅಡುಗೆಮನೆ ಬಾಗಿಲಲ್ಲಿ ಗೋಡೆಗೊರಗಿ ಕೂತಳು. ನಸುಕಿನಿಂದ ಹೋಳಿಗೆ ತಟ್ಟಿ ತೋಳು ಬಿದ್ದುಹೋಗಿತ್ತು. ಆದರೆ ಅವಳ ಸುಸ್ತು ಹೋಳಿಗೆಯದಲ್ಲ. ಇವತ್ತಿನ ಪಾದಪೂಜೆಗೆ ಗಂಡ ಹೆಂಡತಿ ಜೋಡಿಯಾಗಿ ಮಣೆಯ ಮೇಲೆ ಕೂರಬೇಕು. ಅವಳು ನೀರು ಹೊಯ್ಯಬೇಕು, ಅವನು ಅಯ್ನೋರ ಪಾದ ತೊಳೆಯಬೇಕು. ಅಷ್ಟಾದರೆ ಮುಗಿಯಿತು, ಇಬ್ಬರೂ ಮತ್ತೆ ಒಂದಾದಂತೆ. ಆಮೇಲೆ ಆ ಎರಡು ವರ್ಷದ ಮಾತನ್ನು ಅವಳು ಸಾಯುವ ತನಕ ಎತ್ತುವ ಹಾಗಿಲ್ಲ. ಮಾವ ಅದಕ್ಕೆಂದೇ ಇಟ್ಟುಕೊಂಡ ಪೂಜೆ. ಅವಳನ್ನೂ ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಶಶಿಕಾಂತ್ ಒಂದು ಕತೆ ಹೇಳಿದ್ದ. ಆಂಧ್ರದ ಕಡೆ ಶೇಂಗಾ ನೋಡಲು ಹೋದಾಗ ಲಾರಿ ಬಡಿಯಿತಂತೆ. ತಲೆಗೆ ಪೆಟ್ಟು ಬಿದ್ದು ತಾನು ಯಾರೆಂಬುದೇ ಮರೆತುಹೋಯಿತಂತೆ. ಯಾರೋ ಪುಣ್ಯಾತ್ಮ ರೈತ ಮನೆಯಲ್ಲಿಟ್ಟುಕೊಂಡು ಸಾಕಿದನಂತೆ. ಹೋದ ತಿಂಗಳು ಒಂದು ಬೆಳಿಗ್ಗೆ ಎಲ್ಲ ಥಟ್ಟನೆ ನೆನಪಾಯಿತಂತೆ. ತಲೆಯ ಮೇಲೆ ಗಾಯದ ಒಂದು ಗುರುತಾದರೂ ಬೇಡವೇ? ಶೇಂಗಾ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಬೀಜ ಎಷ್ಟು ಒಣಗಿದೆಯೆಂದು ಹೇಳುವ ತಿಪ್ಪೇರುದ್ರಪ್ಪನವರು ಮಗನ ಕತೆಯನ್ನು ಮಾತ್ರ ಅಲ್ಲಾಡಿಸಲಿಲ್ಲ. "ಬಂದ್ನಲ್ಲ, ಅಷ್ಟು ಸಾಕು" ಎಂದುಬಿಟ್ಟರು. ಅತ್ತೆ ಜಗದಾಂಬ ಮಗನಿಗೆ ದೃಷ್ಟಿ ತೆಗೆದರು.

ಸೂಟ್‌ಕೇಸು ಬಿಚ್ಚಿದ್ದು ದಾಕ್ಷಾಯಿಣಿ. ಅಂಗಿಗಳನ್ನು ಯಾರೋ ಹೆಣ್ಣಿನ ಕೈ ನೀಟಾಗಿ ಮಡಿಸಿತ್ತು. ಒಂದು ಅಂಗಿಯ ಕಿತ್ತುಹೋದ ಗುಂಡಿಯನ್ನು ಅದೇ ಬಣ್ಣದ ದಾರ ಹುಡುಕಿ ತಂದು ಹೊಲಿದಿತ್ತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿ, ಜಗಳವಾಡಿ, ಅತ್ತು ಕರೆಯುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಸಿನಿಮಾ ಇಂಗ್ಲಿಷಿನದು, ತೆಲುಗಿಗೆ ಡಬ್ಬಾಗಿತ್ತು. ಯಾವುದೋ ರೋಗ ಬಂದು ಲೋಕಕ್ಕೆ ಲೋಕವೇ ಸತ್ತಿದೆ. ಸತ್ತವರು ಸುಮ್ಮನೆ ಸತ್ತಿರಬಾರದೇ? ಬಿಳಿಗಣ್ಣು ಬಿಟ್ಟುಕೊಂಡು, ಉಸಿರಾಟದ ಸಪ್ಪಳ ಹಿಡಿದು ಬಂದು, ಬದುಕಿದವರನ್ನು ಹರಿದು ತಿನ್ನುತ್ತಾರೆ. ಹೀರೋ ಒಬ್ಬ ಮಾತ್ರ ಗುಡ್ಡದ ಮೇಲಿನ ಬಂಗಲೆಯಲ್ಲಿ ಎರಡು ವರ್ಷದಿಂದ ಅಡಗಿದ್ದಾನೆ. ಅವನ ಹೆಂಡತಿ ದೂರದ ಸೈನ್ಯದ ಶಿಬಿರದಲ್ಲಿದ್ದಾಳೆ.

ಈ ಮನೆಯವರಿಗೆ ಸಿನಿಮಾ ನೋಡುವುದೆಂದರೆ ತಪ್ಪು ಹಿಡಿಯುವುದು. ಮೊದಲು ಬಾಯಿಬಿಟ್ಟವನು ಮೈದುನ ಮಹಾಂತೇಶ್.

"ಅಲ್ಲಣ್ಣ, ಉಸ್ರು ಬಿಟ್ರೆ ಕೇಳ್ಸುತ್ತಂತೆ ಅವಕ್ಕೆ. ಅಷ್ಟು ದೊಡ್ಡ ಜನರೇಟರ್ ಬಡ್ಕಂತೈತೆ, ಅದು ಕೇಳ್ಸಲ್ವಾ?"

"ಅದಕ್ಕೆ ಡೀಸೆಲ್ ಎಲ್ಲಿಂದ ಬಂತಲೇ?" ತಿಪ್ಪೇರುದ್ರಪ್ಪನವರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಬಂಕಿನೋನು ಸತ್ತು ಎರಡು ವರ್ಷ ಆತು."

"ಆ ಗಡ್ಡ ನೋಡ್ರಿ, ಈಗಿನ್ನೂ ಕಟಿಂಗ್ ಶಾಪಿಂದ ಎದ್ದು ಬಂದಂಗೈತೆ" ಎಂದರು ಜಗದಾಂಬ. "ಲೋಕ ಮುಳುಗಿದ್ರೂ ಇವನ ಅಂಗಿಗೆ ಇಸ್ತ್ರಿ ಹಾಕಾಕೆ ಒಬ್ಬಳು ಅದಾಳಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ದಾಕ್ಷಾಯಿಣಿಗೆ ಅತ್ತೆಯ ಬಾಯಿಂದ ಆ ಮಾತು ಕೇಳಿ ಮೈ ಉರಿಯಿತು. ಇಷ್ಟು ಚುರುಕು ಕಣ್ಣು, ಇಷ್ಟು ಚುರುಕು ಬುದ್ಧಿ ಹೋದ ವಾರ ಎಲ್ಲಿಗೆ ಹೋಗಿತ್ತು ಇವರದು? ಆ ಉರಿಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಣ್ಣು ಎಳೆಯುತ್ತಿತ್ತು.

ಅಷ್ಟರಲ್ಲಿ ಹೀರೋ ಮಾಳಿಗೆಯ ವೈರ್‌ಲೆಸ್ಸಿನ ಮುಂದೆ ಕೂತು ಯಾವುದೋ ಹಡಗಿನವರ ಜೊತೆ ಮಾತಾಡತೊಡಗಿದ. ದಿನಾ ಮಾತಾಡುತ್ತಾನಂತೆ. ಶಶಿಕಾಂತ್ ತೊಡೆ ತಟ್ಟಿಕೊಂಡು ಎದ್ದು ಕೂತ. ಸಿನಿಮಾದ ಅತಿ ದೊಡ್ಡ ತಪ್ಪು ಅವನಿಗೇ ಸಿಕ್ಕಿತ್ತು, ಖುಷಿಯಲ್ಲಿ ಹಿಂದುಮುಂದು ನೋಡಲಿಲ್ಲ.

"ಲೇ ಮಹಾಂತೇಶ, ಅದೆಲ್ಲಾ ಬಿಡಲೇ! ಎರಡು ವರ್ಷ ಮಾತಾಡೋ ಮಿಷಿನ್ ಕೈಯಾಗೆ ಇಟ್ಕಂಡು, ಹೆಂಡ್ತಿಗೆ ಬದುಕಿದೀನಿ ಅಂತ ಒಂದ್ ಮಾತು ಹೇಳ್ಲಿಲ್ವಲ್ಲೋ! ಯಾರು ನಂಬ್ತಾರೆ ಇದನ್ನ?"

ಯಾರೂ ನಗಲಿಲ್ಲ. ಮಹಾಂತೇಶ್ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿದ. ತಿಪ್ಪೇರುದ್ರಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಲು ಶುರುಮಾಡಿದರು. ಶಶಿಕಾಂತನ ಬಾಯಿ ಇನ್ನೂ ತೆರೆದೇ ಇತ್ತು, ಮುಖದ ರಂಗು ಮಾತ್ರ ಇಳಿಯುತ್ತಾ ಬಂತು.

"ಅದು ತಪ್ಪಲ್ಲ ಬಿಡ್ರಿ" ಎಂದಳು ದಾಕ್ಷಾಯಿಣಿ. ದನಿ ಎತ್ತರಿಸಲಿಲ್ಲ. "ಇಡೀ ಸಿನಿಮಾದಾಗೆ ಅದೊಂದೇ ಸರಿಯಾಗಿರೋದು. ಹೇಳಾಕೆ ಅವನಿಗೆ ಮನಸಿರ್ಲಿಲ್ಲ, ಹೇಳ್ಲಿಲ್ಲ."

"ತಲೆಗೆ ಪೆಟ್ಟು ಬಿದ್ದಿತ್ತು ಅಂತ ಹೇಳಿದ್ನಲ್ಲ..." ಶಶಿಕಾಂತ್ ತಡವರಿಸಿದ.

"ಯಾರಿಗೆ? ಸಿನಿಮಾದೋನಿಗಾ?" ಎಂದು ಕೇಳಿದವಳು ದಾಕ್ಷಾಯಿಣಿಯಲ್ಲ, ಅವನ ತಾಯಿ.

ಹೊರಗೆ ಆಟೋ ನಿಂತಿತು. ಅಯ್ನೋರು ಬಂದರು, ಕೆಟ್ಟ ಬಸ್ಸನ್ನು ಬಾಯ್ತುಂಬ ಬೈದರು, ಗದ್ದುಗೆಯ ಮೇಲೆ ಕೂತು ಕಾಲು ಚಾಚಿದರು. ಮಹಾಂತೇಶ್ ಟೀವಿ ಆರಿಸಿದ.

"ಹೊತ್ತಾತು. ಗಂಡ ಹೆಂಡ್ತಿ ಬರ್ರಿ ಮತ್ತೆ" ಎಂದರು ಅಯ್ನೋರು.

ಶಶಿಕಾಂತ್ ಹೋಗಿ ಮಣೆಯ ಮೇಲೆ ಕೂತ. ದಾಕ್ಷಾಯಿಣಿ ಗೋಡೆ ಹಿಡಿದುಕೊಂಡು ಎದ್ದಳು. ಮಾವ ಅವಳನ್ನೇ ನೋಡುತ್ತಿದ್ದರು. ಮನೆ ಮರ್ಯಾದೆ ಕಾಪಾಡು ಎನ್ನುವ ನೋಟ ಅದು, ಈ ಎರಡು ವರ್ಷ ಅವಳು ದಿನವೂ ಕಂಡದ್ದು. ಆಗಲಿ, ಹೊಯ್ದುಬಿಡೋಣ, ಒಂದು ತಂಬಿಗೆ ನೀರು ತಾನೇ, ಆಮೇಲಾದರೂ ಮಲಗಬಹುದು ಎಂದುಕೊಂಡು ಅವಳು ಬಗ್ಗಿ ತಂಬಿಗೆಗೆ ಕೈ ಹಾಕಿದಳು.

ಆ ತಂಬಿಗೆಯನ್ನು ಜಗದಾಂಬ ಅವಳ ಕೈಯಿಂದ ತೆಗೆದುಕೊಂಡರು.

"ಏಳೋ" ಎಂದರು ಮಗನಿಗೆ. ಅವನು ಎದ್ದ ಮೇಲೆ ಗಂಡನ ಕಡೆ ತಿರುಗಿದರು. "ಬರ್ರಿ, ನಾವಿಬ್ರೂ ಕೂತ್ಕಳಾಣ. ನನ್ ಸೊಸೆಗೆ ಸುಸ್ತಾಗೈತೆ, ಅಯ್ನೋರೆ. ಅವಳು ಕೂರಲ್ಲ."