ಕೆಂಚಿಯ ಬಲಮಗ್ಗುಲು

ಹೊಲಿಗೆ ಮೆಷಿನ್ನಿನ ಕೆಳಗಿದ್ದ ಚಿಂದಿ ಚೀಲದೊಳಕ್ಕೆ ಊರುಗೋಲಿನ ತುದಿ ತೂರಿಸಿ ಅವಳು ಒಂದೊಂದೇ ಬಟ್ಟೆ ಹೊರಗೆಳೆಯುತ್ತಿದ್ದಳು. ಕೂತು ಹುಡುಕೋಣವೆಂದರೆ ಎಡಮಂಡಿ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಪರದೆಯ ಅಂಚು, ಅಂಗಿಯ ತೋಳು, ಯಾರದೋ ಕೋಟಿನ ಒಳಜೇಬು ಎಲ್ಲ ಬಂದ ಮೇಲೆ ಕೊನೆಗೆ ಅವಳ ಸವಾರಿ ಪ್ಯಾಂಟು ಬಂತು. ಅದರ ಎಡಗಾಲು ಕೆಳಗಿನಿಂದ ತೊಡೆಯವರೆಗೆ ಸೀಳಿಹೋಗಿತ್ತು. ಆಸ್ಪತ್ರೆಯವರು ಕತ್ತರಿ ಆಡಿಸಿದ್ದು ಹಾಗೆಯೇ ಇತ್ತು. ಬಲಗಾಲಿನ ಮೇಲೆ ಎಣ್ಣೆಯ ಕಲೆ ಹೊಸದು.

"ಅದು ನನ್ನ ಮೆಷಿನ್ ಒರೆಸೋ ಬಟ್ಟೆ," ಅಂದಳು ಅಮ್ಮ, ತಲೆಯೆತ್ತದೆ.

"ನನ್ನ ಪ್ಯಾಂಟು. ಹೊಲಿದು ಕೊಡಮ್ಮ."

ಮೆಷಿನ್ ನಿಂತಿತು. ಅಮ್ಮ ಕನ್ನಡಕ ತೆಗೆದು ಮಗಳ ಮುಖವನ್ನೂ ಪ್ಯಾಂಟನ್ನೂ ಒಂದೇ ಬೆಲೆಯ ಎರಡು ಹರಕುಗಳನ್ನು ನೋಡುವ ಹಾಗೆ ನೋಡಿದಳು. "ಯಾರ ಹರಕು ಬೇಕಾದ್ರೂ ತಗೊಂಡು ಬಾ, ಹೊಲಿದು ಕೊಡ್ತೀನಿ. ಇದಕ್ಕೆ ಮಾತ್ರ ನನ್ನ ಕೈಲಿ ಸೂಜಿ ಹಿಡಿಸಬೇಡ."

ಅವಳು ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡು ತನ್ನ ಕೋಣೆಗೆ ಹೋದಳು. ಸೂಜಿದಾರದ ಡಬ್ಬಿಯೂ ಅವಳ ಜೊತೆಯೇ ಹೋಗಿದ್ದು ಅಮ್ಮನಿಗೆ ಗೊತ್ತಾದದ್ದು ಆಮೇಲೆ.

ಬೇಸಿಗೆಗೆ ಮುಂಚೆ ಅವಳು ಬಿದ್ದದ್ದು. ಸವಾರಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಅವಳದು. ಮಕ್ಕಳಿಗೆಲ್ಲ ಅವಳು ಕುದುರೆ ಅಕ್ಕ. ಅಂದು ಬೆಳಗಿನ ಪಾಠ ಮುಗಿಸಿ ತನ್ನ ಕುದುರೆ ಕೆಂಚಿಯನ್ನು ಗೇಟಿನ ಕಡೆ ತಿರುಗಿಸಿದ್ದಳು. ಎದುರು ಅಂಗಡಿಯವನು ಕಬ್ಬಿಣದ ಬಾಗಿಲನ್ನು ಧಡಾರನೆ ಕೆಳಗೆಳೆದ. ಕೆಂಚಿ ಮುಂಗಾಲೆತ್ತಿತು, ಒದ್ದೆ ಕಲ್ಲಿನ ಮೇಲೆ ಹಿಂಗಾಲು ಜಾರಿತು, ಇಡೀ ಕುದುರೆ ಅವಳ ಎಡಗಾಲಿನ ಮೇಲೆ ಮಲಗಿತು. ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಈಗ ಅದರೊಳಗೆ ಒಂದು ಉಕ್ಕಿನ ಸರಳಿತ್ತು. ಮೂಳೆ ಕೂಡಿಕೊಂಡಿದೆ ಎಂದು ವೈದ್ಯರು ಫೋಟೋ ತೋರಿಸಿ ಖುಷಿಪಟ್ಟಿದ್ದರು. ಮಂಡಿಗೆ ಆ ಖುಷಿ ಇನ್ನೂ ತಲುಪಿರಲಿಲ್ಲ.

ಸವಾರಿ ಶಾಲೆ ನಡೆಸುವ ಮೇಷ್ಟ್ರು ನೋಡಲು ಬಂದಿದ್ದರು. ತಂದ ಹಣ್ಣಿನ ಚೀಲವನ್ನು ಕೊಡದೆ ತೊಡೆಯ ಮೇಲಿಟ್ಟುಕೊಂಡೇ ಕೂತರು. ಕೆಟ್ಟ ಮನುಷ್ಯರಲ್ಲ. ಶಾಲೆಗೆ ಒಂದು ನಿಯಮವಿತ್ತು: ಕಲಿಸುವವರು ಸ್ಟೂಲಿಲ್ಲದೆ, ಯಾರ ಕೈಯೂ ಹಿಡಿಯದೆ, ಬರಿ ನೆಲದಿಂದ ಕುದುರೆ ಹತ್ತಬೇಕು. ಮೈದಾನದ ನಡುವೆ ಮಗುವಿನ ಕುದುರೆ ಓಟ ಕಿತ್ತರೆ, ಬಿದ್ದ ಟೀಚರ್ ಎದ್ದು ಸ್ಟೂಲ್ ಹುಡುಕುತ್ತಾ ನಿಲ್ಲಲಾಗದು. ಕೆಲಸಕ್ಕೆ ಸೇರುವಾಗ ಅವಳೂ ಹಾಗೆ ಹತ್ತಿ ತೋರಿಸಿದ್ದಳು. ಈಗ ಮಳೆಗಾಲದ ರಜೆ ಮುಗಿದು ಶಾಲೆ ತೆರೆಯುವ ದಿನ ಮತ್ತೊಮ್ಮೆ ತೋರಿಸಬೇಕು. ಆಗದಿದ್ದರೆ ಬೇಜಾರಿಲ್ಲ, ಗೇಟಿನ ಪಕ್ಕದ ಟಿಕೆಟ್ ಕೌಂಟರ್ ಖಾಲಿ ಇದೆ, ಕೂತು ಮಾಡುವ ಕೆಲಸ, ಮೇಲೆ ಫ್ಯಾನೂ ಇದೆ ಎಂದರು.

ಅಮ್ಮ ಅವರಿಗೆ ಎರಡನೇ ಸಲ ಚಹಾ ಕೊಟ್ಟಳು. ಮರುದಿನದಿಂದ ಬಟ್ಟೆ ಕೊಡಲು ಬಂದವರಿಗೆಲ್ಲ ಮಗಳಿಗೆ ಫ್ಯಾನಿನ ಕೆಳಗೆ ಕೆಲಸ ಸಿಕ್ಕಿದ ಸುದ್ದಿ ಮುಟ್ಟಿತು.

ಅವಳು ಏನೂ ಹೇಳಿರಲಿಲ್ಲ. ಸುಮ್ಮನಿದ್ದುದನ್ನು ಎಲ್ಲರೂ ಒಪ್ಪಿಗೆ ಎಂದುಕೊಂಡರು. ಚಿಕ್ಕಂದಿನಿಂದಲೂ ಹೀಗೇ ಆಗಿತ್ತು. ಓದುವ ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲ, ಟೀಚರುಗಳು ಗೊತ್ತಿಲ್ಲವೆಂದೇ ಬರೆದುಕೊಂಡರು. ಎಂಟನೇ ತರಗತಿಗೆ ಓದು ಬಿಟ್ಟು ಲಾಯ ಗುಡಿಸಲು ಸೇರಿದಳು. ಕುದುರೆಗಳು ಪ್ರಶ್ನೆ ಕೇಳುತ್ತಿರಲಿಲ್ಲ.

ಕೋಣೆಯ ಬಾಗಿಲು ಹಾಕಿಕೊಂಡು, ಮಂಚದ ಕಟ್ಟಿಗೆ ಹಗ್ಗದ ಕುಣಿಕೆ ಕಟ್ಟಿ, ಕುದುರೆ ಹತ್ತುವ ಹಾಗೆ ಅದರಲ್ಲಿ ಎಡಪಾದ ಇಟ್ಟು ಮೇಲೇಳಲು ನೋಡಿದಳು. ಮಂಡಿ ಗಡಗಡ ನಡುಗಿ ಕುಸಿಯಿತು. ದಿನವೂ ಕುಸಿಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಅಕ್ಕನನ್ನು ಕೇಳಿದಾಗ ಆಕೆ ಸುತ್ತಿ ಬಳಸಿ ಮಾತಾಡಲಿಲ್ಲ. ಮಡಚಿದ ಆ ಕಾಲಿನ ಮೇಲೆ ಇಡೀ ಮೈಭಾರ ಎತ್ತುವುದು ಈ ವರ್ಷದ ಮಾತಲ್ಲ ಎಂದಳು. ಮುಂದಿನ ವರ್ಷದ್ದೂ ಹೌದೋ ಅಲ್ಲವೋ. ಈಗ ಮೆಟ್ಟಿಲು ಹತ್ತಿ ಇಳಿಯುವುದು ಕಲಿಯೋಣ ಎಂದಳು.

ಮೂಲೆಯಲ್ಲಿ ಮರದ ಮೆಟ್ಟಿಲುಗಳ ಒಂದು ಪೆಟ್ಟಿಗೆ ಇತ್ತು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಅವಳು ಬಲಗಾಲು ಇಟ್ಟು ಹತ್ತಿದಳು, ಎಡಗಾಲು ಇಟ್ಟು ಇಳಿದಳು. ನಿಂತಳು. ಮತ್ತೆ ಹತ್ತಿ ಇಳಿದಳು. ಬಿಡುವ ಹಾಗೆಯೇ ಕಾಣಲಿಲ್ಲ.

"ಏನಮ್ಮಾ, ಮೆಟ್ಟಿಲ ಮೇಲೆ ಏನಾದ್ರೂ ಕಳಕೊಂಡಿದೀಯಾ?" ಎಂದು ಆಕೆ ನಕ್ಕಳು.

ಅವಳ ಕಣ್ಣ ಮುಂದೆ ಮೆಟ್ಟಿಲು ಇರಲಿಲ್ಲ, ಕೆಂಚಿ ನಿಂತಿತ್ತು. ಕೆಂಚಿಗೆ ಎರಡು ಮಗ್ಗುಲು ಇದ್ದವು. ಅವಳು ಇಷ್ಟು ವರ್ಷ ನೋಡಿದ್ದು ಒಂದನ್ನೇ.

ಕುದುರೆಯ ಹತ್ತಿರ ಎಲ್ಲರೂ ಎಡಗಡೆಯಿಂದಲೇ ಹೋಗುತ್ತಾರೆ. ಜೀನು ಹಾಕುವುದು, ಪಟ್ಟಿ ಬಿಗಿಯುವುದು, ಹಿಡಿದು ನಡೆಸುವುದು, ಹತ್ತುವುದು, ಇಳಿಯುವುದು ಎಲ್ಲ ಎಡಗಡೆ. ಎಡಗಡೆಯಿಂದ ಹತ್ತಿದರೆ ಮೈಭಾರ ಎತ್ತಬೇಕಾದ್ದು ಎಡಗಾಲು, ಬಲಗಡೆಯಿಂದ ಹತ್ತಿದರೆ ಬಲಗಾಲು. ಹತ್ತಲು ಕಾಲಿಡುವ ರಿಕಾಪಿನ ರಬ್ಬರೂ ಎಡಗಡೆಯದ್ದು ಸವೆದು ನುಣ್ಣಗಾಗಿರುತ್ತದೆ. ಬಲಗಡೆಯದರಲ್ಲಿ ಗೆರೆಗಳು ಅಂಗಡಿಯಿಂದ ತಂದ ಹಾಗೇ ಇರುತ್ತವೆ. ಮಾರನೇ ದಿನ ಅವಳು ಲಾಯಕ್ಕೆ ಹೋಗಿ, ಊರುಗೋಲನ್ನು ಗೋಡೆಗೆ ಒರಗಿಸಿ, ಬ್ರಶ್ಶು ಹಿಡಿದು ಕೆಂಚಿಯ ಬಲಕ್ಕೆ ನಿಂತಳು. ಕೆಂಚಿ ಕಣ್ಣು ಹೊರಳಿಸಿ ಎರಡು ಹೆಜ್ಜೆ ಆಚೆ ಸರಿಯಿತು.

ಲಾಯ ನೋಡಿಕೊಳ್ಳುವ ತಾತ ಹುಲ್ಲಿನ ಕಟ್ಟು ಬಿಚ್ಚುತ್ತಾ ನೋಡಿದ. "ಆ ಕಡೆಯಿಂದ ಕಳ್ಳರು ಮಾತ್ರ ಬರೋದು ಕಣಮ್ಮ. ಅದೂ ಕೆಲಸ ಕಲೀದ ಕಳ್ಳರು."

"ಹಾಗಾದ್ರೆ ನಾನು ಕಲೀತೀನಿ ತಾತ," ಅಂದಳು ಅವಳು.

ತಾತನಿಗೆ ಅವಳ ಬಾಯಿಂದ ಅಷ್ಟು ಮಾತು ಕೇಳಿ ಅಭ್ಯಾಸವಿರಲಿಲ್ಲ. ಗೊಣಗುತ್ತಲೇ ಬಂದು ಕೆಂಚಿಯ ಮೂಗಿನ ಹತ್ತಿರ ನಿಂತ. ಅಂದಿನಿಂದ ಮಧ್ಯಾಹ್ನಗಳೆಲ್ಲ ಹಾಗೇ ಕಳೆದವು. ಮೊದಮೊದಲು ಬರಿ ಬ್ರಶ್ಶು. ಆಮೇಲೆ ಬಲಗಡೆಯ ರಿಕಾಪಿಗೆ ಮರಳಿನ ಚೀಲ ಕಟ್ಟಿ ತೂಗುಬಿಟ್ಟರು. ಕೆಂಚಿ ಅದನ್ನು ಎರಡು ಸಲ ಒದ್ದು, ಮೂರನೇ ಸಲ ಬೇಸರವಾಗಿ ಬಿಟ್ಟಿತು. ಆಮೇಲೆ ಚೀಲದ ಜಾಗದಲ್ಲಿ ಅವಳ ಬಲಗಾಲು. ನೆಲದಿಂದ ಜಿಗಿಯುವ ಒಂದು ಕ್ಷಣ ಮಾತ್ರ ಎಡಗಾಲಿನ ಪಾಲಿಗಿತ್ತು. ಆ ಕ್ಷಣದಲ್ಲಿ ಸರಳು ಮೂಳೆಯೊಳಗೆ ಗಂಟೆ ಬಾರಿಸಿದಂತಾಗುತ್ತಿತ್ತು. ಜೂಲು ಹಿಡಿದ ಬಲಗೈ, ಜೀನಿನ ಹಿಂಬದಿ ಹಿಡಿದ ಎಡಗೈ ಉಳಿದದ್ದನ್ನು ಎಳೆದುಕೊಳ್ಳಬೇಕು. ಒಮ್ಮೆ ಮೇಲೆದ್ದರೆ ಮಡಚದ ಎಡಗಾಲು ಕೋಲಿನ ಹಾಗೆ ನೆಟ್ಟಗೆ ಬೀಸಿ ಆಚೆ ಹೋಗುತ್ತಿತ್ತು. ಬೀಸುವುದಕ್ಕೆ ಮಂಡಿಯ ಅಪ್ಪಣೆ ಬೇಕಿರಲಿಲ್ಲ.

ಆದರೆ ಅದೆಲ್ಲ ಲಾಯದ ಅಂಗಳದಲ್ಲಿ. ಅಲ್ಲಿ ಕೆಂಚಿಯ ಆಚೆ ಗೋಡೆಯಿತ್ತು, ಸರಿಯಲು ಜಾಗವಿರಲಿಲ್ಲ, ಮುಂದೆ ತಾತನಿದ್ದ. ಮೈದಾನದಲ್ಲಿ ಗೋಡೆ ಇರುವುದಿಲ್ಲ.

ಶಾಲೆ ತೆರೆಯುವ ಹಿಂದಿನ ದಿನ ಅವಳು ಪ್ಯಾಂಟು ಹಾಕಿಕೊಂಡು ಹೊರಕೋಣೆಗೆ ಬಂದಳು. ಸೀಳನ್ನು ತಾನೇ ಕೈಯಲ್ಲಿ ಹೊಲಿದಿದ್ದಳು. ಅಮ್ಮ ಮೊದಲು ಅಡುಗೆಮನೆಗೆ ಹೋದಳು, ವಾಪಸು ಬಂದಳು, ಮತ್ತೆ ಹೋದಳು. ಕೊನೆಗೆ ತಡೆಯಲಾಗಲಿಲ್ಲ.

"ಇದೇನು ಹೊಲಿಗೆಯೇ? ಕೋಳಿ ಕೆದರಿದ ಹಾಗಿದೆ. ಟೈಲರಮ್ಮನ ಮಗಳು ಅಂತಾರೆ ನಿನ್ನ. ಇದನ್ನ ಹಾಕ್ಕೊಂಡು ಬೀದೀಲಿ ಹೋದ್ರೆ ನಾನು ಅಂಗಡಿ ಮುಚ್ಚಬೇಕು."

"ಬೇರೆ ಇಲ್ಲ."

"ಬೇರೆ ಯಾಕೆ ಬೇಕು? ಕೌಂಟರಲ್ಲಿ ಕೂರೋರಿಗೆ ಯಾವುದಾದ್ರೂ ಆಗುತ್ತೆ."

"ನಾನು ಅಲ್ಲಿ ಕೂರಲ್ಲಮ್ಮ," ಅಂದಳು ಅವಳು. ದನಿ ಏರಿಸಲಿಲ್ಲ. "ಹತ್ತೋಕೆ ಆಗದಿದ್ರೆ ಮತ್ತೆ ಲಾಯ ಗುಡಿಸ್ತೀನಿ. ಅಲ್ಲಿ ಕೂತು, ಬೇರೆಯವರು ಹತ್ತೋದಕ್ಕೆ ಟಿಕೆಟ್ ಹರಿದು ಕೊಡಲ್ಲ."

ಅಮ್ಮ ಮೆಷಿನ್ನಿನ ಖಾನೆಯಿಂದ ಬ್ಲೇಡು ತೆಗೆದಳು. ಆಮೇಲೆ ಬಿಚ್ಚು ಅಂದಳು. ಬ್ಲೇಡಿನಿಂದ ಆ ಕೋಳಿ ಹೊಲಿಗೆಯನ್ನೆಲ್ಲ ಕಿತ್ತು ಎಸೆದಳು. ಅಳತೆಯ ಟೇಪು ತಂದು ಮಗಳ ಎಡಮಂಡಿಗೆ ಸುತ್ತಿದಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಗಾಯದ ಗೆರೆಯನ್ನು ಅಮ್ಮ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಟೇಪಿನ ತುದಿ ಹಿಡಿದ ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಬಳಿಕ ಮೆಷಿನ್ ಓಡಿತು. ಎರಡೆರಡು ಸಾಲು ಹೊಲಿಗೆ, ಮಂಡಿಯ ಊತಕ್ಕೆ ಒಂದಿಷ್ಟು ಸಡಿಲ.

ಮರುದಿನ ಅಮ್ಮನೂ ಹೊರಟಳು. ಮಗಳನ್ನು ನೋಡಲಲ್ಲ, ಆ ಫ್ಯಾನು ನಿಜವಾಗಿಯೂ ತಿರುಗುತ್ತದೋ ಇಲ್ಲವೋ ನೋಡಬೇಕು ಎಂದಳು. ಮೈದಾನಕ್ಕೆ ತೆರೆದ ಕಿಟಕಿಯಿದ್ದ ಕೌಂಟರಿನೊಳಗೆ ಹೋಗಿ, ಸ್ವಿಚ್ಚು ಹಾಕಿ, ಕುರ್ಚಿಯಲ್ಲಿ ಕೂತಳು. ಫ್ಯಾನು ತಿರುಗಿತು.

ತಾತ ಕೆಂಚಿಯನ್ನು ಮೈದಾನದ ನಡುವೆ ಬಿಟ್ಟು ಬೇಲಿಯ ಬಳಿ ಹೋಗಿ ನಿಂತ. ಮೇಷ್ಟ್ರು ಕೈ ಹಿಂದೆ ಕಟ್ಟಿ ಕಾದರು. ಅವಳು ಊರುಗೋಲು ಕೆಳಗೆ ಹಾಕಿ, ಕುಂಟುತ್ತಾ ಕೆಂಚಿಯ ತಲೆಯನ್ನು ಬಳಸಿ ಬಲಕ್ಕೆ ಹೋದಳು.

"ಅದು ಬಲಗಡೆ," ಅಂದರು ಮೇಷ್ಟ್ರು.

"ಗೊತ್ತು ಸರ್."

"ಕುದುರೆ ಹತ್ತೋದು ಎಡಗಡೆಯಿಂದ. ಸೊಂಟದ ಎಡಕ್ಕೆ ಕತ್ತಿ ಕಟ್ಟಿಕೊಂಡು ಹತ್ತುತ್ತಿದ್ದವರ ಕಾಲದಿಂದ ಹಾಗೇ ಬಂದಿದೆ."

"ನನ್ನ ಹತ್ತಿರ ಕತ್ತಿ ಇಲ್ಲ ಸರ್."

ಬೇಲಿಯ ಬಳಿ ತಾತ ಕೆಮ್ಮಿದ. ಮೇಷ್ಟ್ರು ಅತ್ತ ನೋಡಿ ಮತ್ತೆ ಇತ್ತ ನೋಡುವಷ್ಟರಲ್ಲಿ ಅವಳ ಬಲಗಾಲು ರಿಕಾಪಿನಲ್ಲಿತ್ತು. ಜಿಗಿದಳು. ಗೋಡೆಯಿಲ್ಲದ ಕಡೆಗೆ ಕೆಂಚಿ ಒಂದೇ ಹೆಜ್ಜೆ ಸರಿಯಿತು, ಅಷ್ಟೇ ಸಾಕಾಯಿತು. ಕಾಲು ರಿಕಾಪಿನಿಂದ ಜಾರಿ ಅವಳು ಮಣ್ಣಿನ ಮೇಲೆ ದೊಪ್ಪನೆ ಬಿದ್ದಳು. ಕೌಂಟರಿನಲ್ಲಿ ಕುರ್ಚಿ ಕಿರ್ರೆಂದಿತು. ಮೇಷ್ಟ್ರು ಓಡಿ ಬಂದರು.

ಅವಳು ಕೈ ಅಡ್ಡ ಹಿಡಿದಳು. "ಬರಬೇಡಿ ಸರ್. ಬಿದ್ದ ಟೀಚರ್ ತಾನೇ ಎದ್ದು ಹತ್ತಬೇಕು ಅನ್ನೋದು ನೀವೇ ಮಾಡಿದ ನಿಯಮ. ಇಲ್ಲೀವರೆಗೆ ಯಾರೂ ಬಿದ್ದು ತೋರಿಸಿರಲಿಲ್ಲ."

ಮೇಷ್ಟ್ರು ನಿಂತಲ್ಲೇ ನಿಂತರು.

ಎಡಗಾಲು ಉರಿಯುತ್ತಿತ್ತು. ಅದನ್ನು ಉದ್ದಕ್ಕೆ ಚಾಚಿ, ಕೈಯೂರಿ, ಬಲಮಂಡಿಯ ಮೇಲೆ ಎದ್ದಳು. ಕೆಂಚಿ ತಲೆ ತಿರುಗಿಸಿ ಅವಳನ್ನು ನೋಡುತ್ತಿತ್ತು. ಬಲಗಡೆಯ ಕಣ್ಣಿನಿಂದ. ಈ ಕಣ್ಣಿಗೂ ಈಗ ಅವಳ ಪರಿಚಯವಿತ್ತು. ಅವಳು ಅದರ ಹೆಗಲಿಗೆ ಹಣೆ ಒತ್ತಿ, ಅದರ ಉಸಿರು ನಿಧಾನವಾಗುವವರೆಗೆ, ತನ್ನದೂ ನಿಧಾನವಾಗುವವರೆಗೆ ನಿಂತಳು. ಯಾರಿಗಾದರೂ ಅವಸರವಿದ್ದರೆ ಅದು ಅವರ ಪಾಡು. ಬಲಗಾಲನ್ನು ಮತ್ತೆ ರಿಕಾಪಿಗಿಟ್ಟಳು, ಅಂಗಾಲಿಗೆ ರಬ್ಬರಿನ ಗೆರೆಗಳು ಒಂದೊಂದಾಗಿ ತಾಗಿದವು. ಜೂಲು ಹಿಡಿದಳು. ಮೂಳೆಯೊಳಗೆ ಗಂಟೆ ಬಾರಿಸಿತು, ಬಾರಿಸಿಕೊಳ್ಳಲಿ. ನೆಟ್ಟಗಿನ ಎಡಗಾಲು ಗಾಳಿಯಲ್ಲಿ ದೊಡ್ಡದಾಗಿ ಬೀಸಿ ಕೆಂಚಿಯ ಬೆನ್ನು ದಾಟಿತು.

ಮೇಷ್ಟ್ರು ಅವಳ ಊರುಗೋಲನ್ನು ಮಣ್ಣಿನಿಂದ ಎತ್ತಿಕೊಂಡರು. ಆಮೇಲೆ, ಮಕ್ಕಳು ನೋಡಿ ಯಾವ ಕಡೆಯಿಂದ ಹತ್ತಬೇಕು ಅಂತ ಕೇಳಿದರೆ ಏನು ಹೇಳುತ್ತೀಯ ಎಂದರು. ಎಡಗಡೆ ಕಲಿಸುತ್ತೇನೆ, ಅದು ಬಂದ ಮೇಲೆ ಬಲಗಡೆಯನ್ನೂ ಕಲಿಸುತ್ತೇನೆ ಎಂದಳು ಅವಳು.

"ಕೆಂಚಿಗೆ ಒಂದು ಸುತ್ತು ಹಾಕಿಸಿಕೊಂಡು ಬಾ," ಅಂದರು ಅವರು. "ನಾಳೆ ಬೆಳಗಿನ ಮಕ್ಕಳು ನಿನ್ನ ಪಾಲಿಗೆ."

ಅವಳು ಬೇಲಿಯ ಉದ್ದಕ್ಕೂ ನಡೆಸಿದಳು. ಗೇಟಿನ ಹತ್ತಿರ, ತಾನು ಬಿದ್ದಿದ್ದ ಕಲ್ಲುಗಳ ಎದುರು ಕೆಂಚಿಯ ಕಿವಿ ನಿಮಿರಿತು. ಅದರ ಹೊಟ್ಟೆಗೆ ಹಿಮ್ಮಡಿ ಒತ್ತಿದಳು, ದಾಟಿದರು. ಕೌಂಟರಿನ ಕಿಟಕಿಯ ಮುಂದೆ ಬಂದಾಗ ಅಮ್ಮ ಕತ್ತು ಹೊರಹಾಕಿ ಅವಳ ಮುಖ ನೋಡದೆ ಎಡಗಾಲನ್ನೇ ನೋಡಿದಳು.

"ಹೊಲಿಗೆ ಬಿಟ್ಟಿಲ್ಲ ತಾನೆ?"

"ಇಲ್ಲಮ್ಮ."

ಅಮ್ಮ ಕುರ್ಚಿಯಿಂದ ಎದ್ದು ಸ್ವಿಚ್ಚು ಆರಿಸಿದಳು. ಫ್ಯಾನು ತನ್ನಷ್ಟಕ್ಕೆ ಇನ್ನೂ ಕೆಲವು ಸುತ್ತು ತಿರುಗಿ, ನಿಧಾನವಾಗಿ, ಒಂದೊಂದೇ ರೆಕ್ಕೆ ಕಾಣುವಂತಾಗಿ, ನಿಂತಿತು.