ಮಧ್ಯಾಹ್ನ ಒಂದು ಗಂಟೆಯವರೆಗೆ ಕಾದ ಅಂಡಗಳು

ಪ್ರನಾಳ ಶಿಶು ಚಿಕಿತ್ಸೆಯ ಆಸ್ಪತ್ರೆಯಲ್ಲಿ ಅಂಡಗಳನ್ನು ಹೊರತೆಗೆದ ಮೇಲೆ ಲಿಬ್ರಾದಾಳ ಮಂಪರು ಇಳಿಯುತ್ತಿದ್ದಂತೆ ಕಿವಿಗೆ ಬಿದ್ದ ಮೊದಲ ಮಾತು ಅತ್ತೆ ಪ್ಲಾಸಿದಾಳದು.

"ಮೂರೇನಾ? ನಮ್ಮನೆ ಮುದಿ ಕೋಳಿ ಕೇಳಿದ್ರೆ ನಗುತ್ತೆ!"

"ಅಮ್ಮಾ, ಸುಮ್ನಿರ್ತೀಯಾ?" ಎಂದು ಲಿಬ್ರಾದಾಳ ಗಂಡ ದೆರ್ಲಿಸ್ ಗದರಿದ. ಲಿಬ್ರಾದಾಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತಿತ್ತು.

ಪರಾಗ್ವೆ ದೇಶದ ಅಸುನ್ಸಿಯೋನ್ ನಗರದಲ್ಲಿ ಬಸ್ ಓಡಿಸುವ ಅವಳಿಗೆ ಈಗ ನಲವತ್ತೊಂದು. ಹೋದ ವರ್ಷ ಬೇರೊಂದು ಕಡೆ ಎರಡೇ ಅಂಡಗಳು ಸಿಕ್ಕಿದ್ದವು, ಎರಡೂ ಫಲಿಸಿರಲಿಲ್ಲ. ಆಮೇಲೆ ಮೂರು ದಿನ ಅವಳು ಕೆಲಸಕ್ಕೇ ಹೋಗಿರಲಿಲ್ಲ.

ಒಂಬತ್ತೂವರೆಗೆ ಪ್ರಯೋಗಾಲಯದ ಮಿರ್ತಾ ಹೊರಗೆ ಬಂದಳು. "ಎರಡು ಚೆನ್ನಾಗಿ ಬಲಿತಿವೆ. ಮೂರನೇದು ಇನ್ನೂ ಎಳೇದು ಅನ್ನಿಸ್ತಿದೆ. ಈಗ್ಲೇ ವೀರ್ಯ ಸೇರಿಸೋದು ಬೇಡ, ಮಧ್ಯಾಹ್ನ ಒಂದು ಗಂಟೆವರೆಗೆ ಕಾಯೋಣ."

"ನನ್ನ ಮಗನದು ರೆಡಿ ಇದ್ಯಲ್ಲಮ್ಮ, ಇನ್ನೇನು ಮುಹೂರ್ತ?" ಎಂದಳು ಪ್ಲಾಸಿದಾ. ದೆರ್ಲಿಸ್ ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

"ಹತ್ತು ಹನ್ನೆರಡು ಸಿಕ್ಕಿದ್ರೆ ಒಂದು ಹೋದ್ರೂ ನಡೀತಿತ್ತು, ಅಜ್ಜಿ. ಇಲ್ಲಿರೋದೇ ಮೂರು. ಆ ಎಳೇದಕ್ಕೂ ಒಂದು ಅವಕಾಶ ಕೊಡೋಣ. ತುಂಬಾ ತಡ ಮಾಡೋ ಹಾಗೂ ಇಲ್ಲ, ಬಲಿತಿರೋವು ಕೆಡ್ತವೆ."

ಲಿಬ್ರಾದಾ ಅತ್ತೆಯ ಕೈ ಹಿಡಿದಳು. "ಕಾಯಿರಿ ಮಿರ್ತಾ. ನಮ್ಮತ್ತೇನ ನಾನು ನೋಡ್ಕೋತೀನಿ."

ಪ್ಲಾಸಿದಾ ಚೀಲದಿಂದ ಚಿಪಾ ರೊಟ್ಟಿ ತೆಗೆದು ನರ್ಸಿಗೂ ಕಾವಲುಗಾರನಿಗೂ ಹಂಚಿದಳು. ತಣ್ಣನೆಯ ತೆರೆರೆ ಪಾನೀಯ ಕೈಯಿಂದ ಕೈಗೆ ಸುತ್ತಿತು. ಹನ್ನೆರಡಾಗುವಷ್ಟರಲ್ಲಿ ಕಾಯುತ್ತಿದ್ದ ಹೆಂಗಸರಿಗೆಲ್ಲ ದೆರ್ಲಿಸ್ ಬಾಲ್ಯದಲ್ಲಿ ಮಾಡಿದ ಕಿತಾಪತಿಗಳು ಬಾಯಿಪಾಠವಾಗಿದ್ದವು. ಸರಿಯಾಗಿ ಒಂದಕ್ಕೆ ಮಿರ್ತಾ ಒಳಗಿನಿಂದ ಗಾಜಿಗೆ ಮುಖವಿಟ್ಟು ಹೆಬ್ಬೆರಳೆತ್ತಿದಳು: ಮೂರಕ್ಕೂ ವೀರ್ಯ ಸೇರಿಸಿಯಾಯಿತು.

ಮರುದಿನ ಬೆಳಿಗ್ಗೆ ಫೋನ್ ಬಂದಾಗ ಲಿಬ್ರಾದಾ ಹಲ್ಲುಜ್ಜುತ್ತಿದ್ದಳು. ಬಾಯಿ ತುಂಬ ನೊರೆ, ಮಾತು ಹೊರಡದು.

"ಎರಡು ಫಲಿಸಿವೆ," ಎಂದಳು ಮಿರ್ತಾ. "ಅದ್ರಲ್ಲಿ ಒಂದು ಯಾವ್ದು ಗೊತ್ತಾ? ಆ ಎಳೇದು!"

ಲಿಬ್ರಾದಾ ನೊರೆಬಾಯಲ್ಲೇ ಗಂಡನ ಕೆನ್ನೆಗೆ ಮುತ್ತಿಟ್ಟಳು.

ಐದನೇ ದಿನ ಒಂದು ಭ್ರೂಣವನ್ನು ಗರ್ಭದಲ್ಲಿಟ್ಟರು. ಗರ್ಭ ನಿಂತಿತು. ಹೆರಿಗೆಯಲ್ಲಿ ಹುಟ್ಟಿದ್ದು ಹೆಣ್ಣುಮಗು, ಮೂರು ಕಿಲೋ, ಕಿವಿ ಕಿತ್ತುಹೋಗುವಂಥ ಗಂಟಲು. ಹೆಸರಿಡುವ ವಿಷಯಕ್ಕೆ ಅತ್ತೆ ಸೊಸೆ ಒಂದು ವಾರ ಕಚ್ಚಾಡಿದರು. ಬೇಗ ಮುಗಿಸಬೇಕೆಂಬ ಆಸೆ ಇಬ್ಬರಿಗೂ ಇರಲಿಲ್ಲ.